ಬೆಟ್ಟದ ಚೀನೀ ಹಸಿರು ಚಹಾ: ಐದು ಹೆಸರುಗಳಲ್ಲಿ ನಿಮಗೆ ಯಾವುದು?

ಒಳ್ಳೆಯ ಚೀನೀ ಗ್ರೀನ್ ಟೀ ತರಿಸೋಣ ಅಂತ ಹೊರಟವರು ತಬ್ಬಿಬ್ಬಾಗುವುದು ಹೆಚ್ಚಾಗಿ ಈ ಐದು ಹೆಸರುಗಳ ನಡುವೆ: ಹುವಾಂಗ್‌ಶಾನ್ ಮಾವ್‌ಫೆಂಗ್, ತೈಪಿಂಗ್ ಹೋಕ್ವೇ, ಲೂಆನ್ ಗುವಾಪಿಯೆನ್, ಲೂಶಾನ್ ಯುನ್‌ವು, ಮೆಂಗ್‌ಡಿಂಗ್ ಗಾನ್‌ಲು. ಐದೂ ಬೆಟ್ಟದ ಚಹಾಗಳೇ, ಐದಕ್ಕೂ ಹಳೆಯ ಹೆಸರಿದೆ. ಮಾರುವವರು ಐದನ್ನೂ ಹೊಗಳುವ ಮಾತು ಒಂದೇ: ಮಂಜು ಕವಿದ ಬೆಟ್ಟ, ಹೂವಿನ ಪರಿಮಳ, ಗಂಟಲಲ್ಲಿ ಉಳಿಯುವ ಸಿಹಿ. ಬೆಲೆಯಲ್ಲಿ ಮಾತ್ರ ಅಜಗಜಾಂತರ.

ಹೆಸರು ನೋಡಿ ಆರಿಸುವುದಕ್ಕಿಂತ ನೀವು ಅದನ್ನು ಯಾವ ಪಾತ್ರೆಯಲ್ಲಿ, ಎಷ್ಟು ಗಮನವಿಟ್ಟು ಮಾಡಿಕೊಳ್ಳುತ್ತೀರಿ ಅನ್ನುವುದನ್ನು ನೋಡಿ ಆರಿಸುವುದು ಲೇಸು. ಆಫೀಸಿನ ಮೇಜಿನ ಮೇಲೆ ಲೋಟಕ್ಕೆ ಎಲೆ ಹಾಕಿ, ನೀರು ಸುರಿದು, ಫೋನು ಬಂತೆಂದು ಎದ್ದು ಹೋಗುವವರಿಗೆ ಒಗ್ಗುವ ಚಹಾ ಬೇರೆ. ಭಾನುವಾರ ಬೆಳಿಗ್ಗೆ ಥರ್ಮಾಮೀಟರ್ ಇಟ್ಟುಕೊಂಡು ಕೂರುವವರಿಗೆ ಒಗ್ಗುವುದು ಬೇರೆ. ಎರಡನೆಯವರ ಚಹಾವನ್ನು ಮೊದಲನೆಯವರು ಕೊಂಡರೆ ದುಬಾರಿ ಕಹಿ ಕಷಾಯ ಕುಡಿಯಬೇಕಾಗುತ್ತದೆ.

ಮೊದಲು ಅಳತೆಗೋಲು

ಎತ್ತರದ ಬಗ್ಗೆ ಒಂದು ಮಾತು. ಈ ಚಹಾಗಳ ತೋಟಗಳಲ್ಲಿ ಬಹುಪಾಲು 500ರಿಂದ 1000 ಮೀಟರ್ ಎತ್ತರದೊಳಗೇ ಇವೆ. ನೀಲಗಿರಿಯ ತೋಟಗಳು 2000 ಮೀಟರ್ ದಾಟುತ್ತವೆ. ಆ ಲೆಕ್ಕದಲ್ಲಿ ಇದು ಎತ್ತರವೇ ಅಲ್ಲ, ನಮ್ಮ ಬೆಂಗಳೂರೇ 900 ಮೀಟರಿನ ಮೇಲಿದೆ. ಆದರೆ ಹುವಾಂಗ್‌ಶಾನ್ ಇರುವುದು 30 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ, ಗಿಡ ತಿಂಗಳುಗಟ್ಟಲೆ ಮಲಗಿರುತ್ತದೆ. ವಸಂತದಲ್ಲಿ ಮಂಜಿನ ಮರೆಯಲ್ಲಿ ಚಿಗುರು ನಿಧಾನವಾಗಿ ಬಿಡುತ್ತದೆ. ಬೇರಿನಲ್ಲಿ ತಯಾರಾಗಿ ಮೇಲೇರುವ ಥಿಯಾನಿನ್ ಅನ್ನುವ ಅಮೈನೋ ಆಮ್ಲವೇ ಚಹಾದ ಸಿಹಿಗೂ ಗಟ್ಟಿ ರುಚಿಗೂ ಮೂಲ. ನೇರ ಬಿಸಿಲು ಬಿದ್ದರೆ ಎಲೆಯಲ್ಲಿ ಅದು ಕರಗುತ್ತ ಹೋಗಿ, ಒಗರು ಕೊಡುವ ಕ್ಯಾಟೆಚಿನ್‌ಗಳು ಹೆಚ್ಚುತ್ತವೆ. ಮಂಜು ಮತ್ತು ತಂಪು ಈ ಬದಲಾವಣೆಯನ್ನು ತಡೆಹಿಡಿಯುತ್ತವೆ. ಹಾಗಾಗಿ ಪೊಟ್ಟಣದ ಮೇಲಿನ ಮೀಟರ್ ಲೆಕ್ಕಕ್ಕಿಂತ ಯಾವ ಬೆಟ್ಟ, ಯಾವ ವಾರದ ಕೊಯ್ಲು ಅನ್ನುವುದು ಮುಖ್ಯ.

ಆರಿಸುವಾಗ ಕೇಳಿಕೊಳ್ಳಬೇಕಾದ್ದು ನಾಲ್ಕು ಪ್ರಶ್ನೆ. ನೀರು ಸ್ವಲ್ಪ ಹೆಚ್ಚು ಬಿಸಿಯಾದರೆ, ಎಲೆ ಎರಡು ನಿಮಿಷ ಹೆಚ್ಚು ನೆನೆದರೆ ಆ ಚಹಾ ತಡೆದುಕೊಳ್ಳುತ್ತದೆಯೇ? ನಿಮಗೆ ಹಗುರವಾದ ಹೂವಿನ ಘಮ ಬೇಕೋ, ಹುರಿದ ಕಾಳಿನ ಜಾಡಿನ ದಪ್ಪ ರುಚಿ ಬೇಕೋ? ಒಂದು ಸಲ ಹಾಕಿದ ಎಲೆಗೆ ಎಷ್ಟು ಸುತ್ತು ನೀರು ಎರೆಯಬಹುದು? ಕೊನೆಯದಾಗಿ, ಆ ಹೆಸರಿನಲ್ಲಿ ನಕಲಿ ಎಷ್ಟು ಓಡಾಡುತ್ತದೆ, ನೋಡಿ ಗುರುತಿಸಬಹುದೇ?

ಹುವಾಂಗ್‌ಶಾನ್ ಮಾವ್‌ಫೆಂಗ್: ಎಲ್ಲರಿಗೂ ಹೊಂದುವುದು

ಅನ್‌ಹುಯಿ ಪ್ರಾಂತ್ಯದ ದಕ್ಷಿಣಕ್ಕಿರುವ ಹುವಾಂಗ್‌ಶಾನ್ ಬೆಟ್ಟಸಾಲಿನ ಅತಿ ಎತ್ತರದ ಶಿಖರ 1864 ಮೀಟರ್. ಚಹಾ ತೋಟಗಳು ಅದರ ಕೆಳಗಿನ ಕಣಿವೆ, ಇಳಿಜಾರುಗಳಲ್ಲಿವೆ. 1875ರ ಹೊತ್ತಿಗೆ ಶಿಯೆ ಝೆಂಗ್‌ಆನ್ ಎಂಬ ವ್ಯಾಪಾರಿ ಈ ಚಹಾಕ್ಕೆ ಇಂದಿನ ರೂಪ ಕೊಟ್ಟ ಎಂಬುದು ಅಲ್ಲಿ ಒಪ್ಪಿತವಾದ ಚರಿತ್ರೆ. ಒಂದು ಕುಡಿ, ಅದರ ಪಕ್ಕ ಆಗತಾನೆ ಬಿಡಿಸಿಕೊಂಡ ಒಂದು ಎಲೆ, ಇಷ್ಟನ್ನು ಚಿವುಟಿ, ಬಿಸಿ ಬಾಣಲೆಯಲ್ಲಿ ಬಾಡಿಸಿ, ಲಘುವಾಗಿ ಹೊಸೆದು, ಆಮೇಲೆ ಬಿಸಿಗಾಳಿಯಲ್ಲೋ ಕೆಂಡದ ಮೇಲಿನ ಬುಟ್ಟಿಯಲ್ಲೋ ಒಣಗಿಸುತ್ತಾರೆ. ಬಾಣಲೆಗೆ ಒತ್ತಿ ಚಪ್ಪಟೆ ಮಾಡದ ಕಾರಣ ಎಲೆ ಉಬ್ಬಿಕೊಂಡು ಹಗುರಾಗಿರುತ್ತದೆ. ಚಮಚದ ಅಳತೆ ಇಲ್ಲಿ ಮೋಸ ಮಾಡುವುದು ಇದೇ ಕಾರಣಕ್ಕೆ: 3 ಗ್ರಾಂ ಮಾವ್‌ಫೆಂಗ್ ಹತ್ತಿರ ಹತ್ತಿರ ಎರಡು ದೊಡ್ಡ ಚಮಚ ತುಂಬುತ್ತದೆ, ಅದೇ ತೂಕದ ಗಾನ್‌ಲು ಒಂದು ಚಿಕ್ಕ ಚಮಚಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಒಳ್ಳೆಯ ಮಾವ್‌ಫೆಂಗಿನ ಒಂದೆರಡು ಎಳೆ ಅಂಗೈ ಮೇಲೆ ಹಾಕಿಕೊಂಡು ನೋಡಿ. ಬುಡದಲ್ಲಿ ಉಗುರಿನ ಚೂರಿನಷ್ಟು ಚಿಕ್ಕದಾದ, ಹೊಂಬಣ್ಣದ ಒಂದು ಪುಟ್ಟ ಎಲೆ ಅಂಟಿಕೊಂಡಿರುತ್ತದೆ. ಕುಡಿಯ ಬಣ್ಣ ಹಸಿರಿಗಿಂತ ದಂತದ ಕಡೆ ವಾಲಿರುತ್ತದೆ, ಮೇಲೆ ಸಣ್ಣ ಬಿಳಿ ರೋಮ. ಇಡೀ ಪೊಟ್ಟಣ ಒಂದೇ ಸಮ ಗಾಢ ಹಸಿರಾಗಿದ್ದು, ಆ ಹೊಂಬಣ್ಣದ ಎಲೆ ಹುಡುಕಿದರೂ ಸಿಗದಿದ್ದರೆ ಬೇರೆ ಊರಿನ ಎಲೆ ಬೆರೆತಿದೆ ಅಂತ ಅನುಮಾನಿಸಬಹುದು.

ರುಚಿ ಮೃದು. ಮೊದಲು ಹೂವಿನ ಘಮ, ಆಮೇಲೆ ತೆಳು ಸಿಹಿ, ಕೊನೆಗೆ ಒಂದು ಚೂರು ಒಗರು. ಲೋಟದಲ್ಲೂ ಸರಿ, ಮುಚ್ಚಳದ ಬಟ್ಟಲಾದ ಗೈವಾನ್‌ನಲ್ಲೂ ಸರಿ. 80–85 ಡಿಗ್ರಿ ನೀರು ಸಾಕು. 90 ಆದರೂ ಕೆಡುವುದಿಲ್ಲ, ಒಗರು ಏರುತ್ತದೆ ಅಷ್ಟೇ. ಮೂರು ಸುತ್ತು ಧಾರಾಳ, ನಾಲ್ಕನೆಯದು ಬರೀ ಹೆಸರಿಗೆ. ಇದರ ದರ್ಜೆಗಳು ಹಲವು: ವಿಶೇಷ ದರ್ಜೆಯಲ್ಲೇ ಮೂರು ಹಂತ, ಅದರ ಕೆಳಗೆ ಮತ್ತೆ ಮೂರು. ದಿನನಿತ್ಯದ ಕುಡಿಯುವಿಕೆಗೆ ವಿಶೇಷ ದರ್ಜೆಯ ಮೂರನೆಯ ಹಂತ ತೆಗೆದುಕೊಂಡರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮೊದಲ ಹಂತದಲ್ಲಿ ನೀವು ಹಣ ಕೊಡುವುದು ಬಹುಪಾಲು ಎಳೆತನಕ್ಕೆ ಮತ್ತು ನೋಟಕ್ಕೆ. ಪರಿಮಳ ಇನ್ನಷ್ಟು ಸೂಕ್ಷ್ಮವಾಗುತ್ತದೆ, ರುಚಿಯ ಗಟ್ಟಿತನ ಹೆಚ್ಚೇನೂ ಆಗುವುದಿಲ್ಲ.

ತೈಪಿಂಗ್ ಹೋಕ್ವೇ: ದುಬಾರಿ, ಆದರೆ ಸಹನಶೀಲ

ಅದೇ ಹುವಾಂಗ್‌ಶಾನ್ ಜಿಲ್ಲೆಯ ಶಿನ್‌ಮಿಂಗ್ ಪ್ರದೇಶದ ಹೋಕೆಂಗ್, ಹೋಗಾಂಗ್, ಯೆನ್‌ಜಿಯಾ ಎಂಬ ಹಳ್ಳಿಗಳು ಇದರ ಮೂಲ ನೆಲೆ. ದೊಡ್ಡ ಎಲೆಯ ಸ್ಥಳೀಯ ತಳಿಯಿಂದ ಒಂದು ಕುಡಿಯನ್ನು ಎರಡು ಎಲೆಗಳು ತಬ್ಬಿಕೊಂಡಂತೆ ಕಿತ್ತು, ಬಾಡಿಸಿ, ಒಂದೊಂದನ್ನೇ ಕೈಯಿಂದ ನೇರ ಮಾಡಿ ಜಾಲರಿಯ ಮೇಲೆ ಜೋಡಿಸಿ, ಮೇಲಿಂದ ಒತ್ತಿ ಒಣಗಿಸುತ್ತಾರೆ. ಒಣಗಿದ ಮೇಲೂ ಉದ್ದ 5–7 ಸೆಂಟಿಮೀಟರ್. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಪನಾಮ-ಪೆಸಿಫಿಕ್ ಪ್ರದರ್ಶನದಲ್ಲಿ ಪದಕ ಬಂದಮೇಲೆ ಹೆಸರು ಹೊರಗೆ ಹಬ್ಬಿತು.

ಇಷ್ಟು ಬೆಲೆಯ ಚಹಾ ನಾಜೂಕಾಗಿರಬೇಕು ಅಂದುಕೊಳ್ಳುತ್ತೇವೆ. ಇದು ಹಾಗಲ್ಲ. ಎಲೆ ಬಲಿತದ್ದು, ಮುರಿದಿಲ್ಲ, ಹೊಸೆದಿಲ್ಲ. ಹಾಗಾಗಿ ಸಾರ ನಿಧಾನವಾಗಿ ಇಳಿಯುತ್ತದೆ. 90 ಡಿಗ್ರಿ ನೀರಿನಲ್ಲಿ ಐದು ನಿಮಿಷ ಮರೆತರೂ ಕಹಿಯಾಗುವುದು ಅಪರೂಪ. ಮೊದಲ ಸುತ್ತು ಪರಿಮಳವೇ ಹೆಚ್ಚು, ಎರಡನೆಯದರಲ್ಲಿ ರುಚಿ ದಪ್ಪವಾಗುತ್ತದೆ, ನಾಲ್ಕನೆಯದರಲ್ಲೂ ಆರ್ಕಿಡ್ ಹೂವಿನಂಥ ಘಮ ಉಳಿದಿರುತ್ತದೆ. ಮೇಜಿನ ಮೇಲೆ ಲೋಟ ಇಟ್ಟುಕೊಂಡು ಬೆಳಗಿಂದ ಮಧ್ಯಾಹ್ನದವರೆಗೆ ನೀರು ತುಂಬಿಸುತ್ತ ಕುಡಿಯುವವರಿಗೆ ಇದು ಹೇಳಿಮಾಡಿಸಿದ್ದು.

ತೊಂದರೆ ಇರುವುದು ನಕಲಿಯಲ್ಲಿ. ಅಕ್ಕಪಕ್ಕದ ಜಿಲ್ಲೆಗಳಲ್ಲಿ ಯಂತ್ರದಿಂದ ಒತ್ತಿದ ಮಾಲು ಇದೇ ಹೆಸರಿನಲ್ಲಿ ಅಗ್ಗಕ್ಕೆ ಬರುತ್ತದೆ. ಅದು ಕಾಗದದಷ್ಟು ತೆಳು, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು. ಬಣ್ಣ ಕಣ್ಣು ಕುಕ್ಕುವ ಹಸಿರು. ಉದ್ದ ಅಸಲಿಗಿಂತ ಹೆಚ್ಚು. ಕೈಯಲ್ಲಿ ಮಾಡಿದ್ದಕ್ಕೆ ಮಧ್ಯೆ ಮೈ ಇರುತ್ತದೆ, ಎರಡು ತುದಿ ಚೂಪು, ಬಣ್ಣ ಗಾಢ ಹಸಿರು. ನೆನೆದ ಮೇಲೆ ನಡುನರ ಕೆಂಪಗೆ ನೂಲಿನ ಹಾಗೆ ಕಾಣುವುದು ಒಳ್ಳೆಯ ಲಕ್ಷಣ. ಇನ್ನೊಂದು ಸುಲಭ ಪರೀಕ್ಷೆ ಪಂಚಾಂಗದ್ದು. ಹೋಕ್ವೇ ಕೊಯ್ಲು ಶುರುವಾಗುವುದೇ ಏಪ್ರಿಲ್ 20ರ ಸುಮಾರಿಗೆ ಬರುವ ಗುಯು ಕಾಲದ ಹೊತ್ತಿಗೆ. ‘ಚಿಂಗ್‌ಮಿಂಗ್‌ಗೆ ಮುಂಚಿನ ಹೋಕ್ವೇ’, ಅಂದರೆ ಏಪ್ರಿಲ್ ಮೊದಲ ವಾರಕ್ಕಿಂತ ಮುಂಚಿನದು ಅಂತ ಯಾರಾದರೂ ಹೇಳಿದರೆ ಅಂಗಡಿ ಬದಲಿಸಿ.

ಲೂಆನ್ ಗುವಾಪಿಯೆನ್: ದಪ್ಪ ರುಚಿ ಇಷ್ಟಪಡುವವರಿಗೆ

ಅನ್‌ಹುಯಿಯ ಪಶ್ಚಿಮಕ್ಕೆ, ದಾಬಿಯೆ ಬೆಟ್ಟಗಳಲ್ಲಿ ಬೆಳೆಯುವ ಇದರಲ್ಲಿ ಕುಡಿ ಇಲ್ಲ, ತೊಟ್ಟೂ ಇಲ್ಲ. ಬರೀ ಬಿಡಿ ಎಲೆ. ಹಾಗಾಗಿ ಕೊಯ್ಯುವವರು ಎಲೆ ಅರಳುವವರೆಗೆ ಕಾಯುತ್ತಾರೆ. ಬಾಣಲೆಯಲ್ಲಿ ಸಣ್ಣ ಬಿದಿರ ಪೊರಕೆಯಿಂದ ಆಡಿಸಿ ಬಾಡಿಸಿದ ಮೇಲೆ ಮೂರು ಸಲ ಬೆಂಕಿ ತೋರಿಸುತ್ತಾರೆ. ಕೊನೆಯ ಬೆಂಕಿ ನೋಡುವಂಥದ್ದು: ಇಬ್ಬರು ದೊಡ್ಡ ಬುಟ್ಟಿ ಹಿಡಿದು ಉರಿಯುವ ಇದ್ದಿಲ ಮೇಲೆ ಎರಡು-ಮೂರು ಸೆಕೆಂಡು ಇಟ್ಟು, ತೆಗೆದು, ಎಲೆ ಮಗುಚಿ, ಮತ್ತೆ ಇಡುತ್ತಾರೆ, ಹೀಗೆ ಹತ್ತಾರು ಬಾರಿ. ಎಲೆಯ ಮೇಲೆ ತೆಳುವಾದ ಬಿಳಿ ಪುಡಿಯಂಥ ಹೊಳಪು ಬರುವುದು ಆಗಲೇ. ಹೊಸದರಲ್ಲಿ ಅದನ್ನು ಬೂಷ್ಟು ಅಂತ ಎಸೆಯುವವರೂ ಇದ್ದಾರೆ!

ರುಚಿ ಗಟ್ಟಿ, ಹುರಿದ ಕಾಳಿನ ಪರಿಮಳ, ಕೊನೆಯಲ್ಲಿ ಸಿಹಿ. ಹಾಲು ಹಾಕಿದ ಸ್ಟ್ರಾಂಗ್ ಟೀ ಕುಡಿದು ಅಭ್ಯಾಸವಾದವರು ಮಾವ್‌ಫೆಂಗನ್ನು ‘ಬಿಸಿನೀರು’ ಅಂತ ಬದಿಗಿಡುತ್ತಾರೆ. ಅಂಥವರು ಇಲ್ಲಿಂದ ಶುರುಮಾಡುವುದೇ ಸರಿ. 85–90 ಡಿಗ್ರಿ ತಡೆಯುತ್ತದೆ, ಗೈವಾನ್‌ನಲ್ಲಿ ನಾಲ್ಕೈದು ಸುತ್ತು ಬರುತ್ತದೆ. ಕುಡಿ ಆರಿಸುವ ಖರ್ಚಿಲ್ಲದ ಕಾರಣ ಮಧ್ಯಮ ಬೆಲೆಯಲ್ಲೇ ನಿಜವಾಗಿ ಒಳ್ಳೆಯ ಮಾಲು ಸಿಗುತ್ತದೆ. ಐದರಲ್ಲಿ ಕೊಟ್ಟ ರೂಪಾಯಿಗೆ ಹೆಚ್ಚು ಕೊಡುವುದು ಇದೇ ಅನ್ನುವುದು ನಮ್ಮ ಎಣಿಕೆ. ಪೊಟ್ಟಣದಲ್ಲಿ ಮೊಗ್ಗು, ತೊಟ್ಟು ಕಂಡರೆ ಅದು ಗುವಾಪಿಯೆನ್ ಅಲ್ಲ, ಅಷ್ಟು ಸರಳ. ಕೆಲವೊಮ್ಮೆ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತದೆ. ಹೊಸ ಮಾಲಾದರೆ ಮೂರ್ನಾಲ್ಕು ವಾರ ಮುಚ್ಚಿಡಿ, ತಣ್ಣಗಾಗುತ್ತದೆ. ಹಾಗೂ ಹೋಗದಿದ್ದರೆ ಹಳೆಯ ಎಲೆಯ ಮುಗ್ಗಲು ಮುಚ್ಚಲು ಮತ್ತೆ ಹುರಿದಿರುವ ಸಾಧ್ಯತೆ ಇದೆ.

ಇನ್ನೆರಡು

ಮೆಂಗ್‌ಡಿಂಗ್ ಗಾನ್‌ಲು ಸಿಚುವಾನಿನ ಯಾ-ಆನ್ ಹತ್ತಿರದ ಮೆಂಗ್‌ಡಿಂಗ್ ಬೆಟ್ಟದ್ದು. ಶಿಖರ 1456 ಮೀಟರ್. ಮಾರ್ಚ್‌ನಲ್ಲೇ ಕೊಯ್ಲು ಬರುವುದರಿಂದ ಐದರಲ್ಲಿ ಮೊದಲು ಕೈಗೆ ಸಿಗುವುದು ಇದು. ಮೂರು ಸಲ ಹುರಿದು ಮೂರು ಸಲ ಹೊಸೆಯುವುದರಿಂದ ಎಲೆ ಸುರುಳಿ ಸುತ್ತಿಕೊಂಡು, ಮೈತುಂಬ ಬಿಳಿ ರೋಮ ತುಂಬಿರುತ್ತದೆ. ಸಿಹಿಯಲ್ಲಿ ಇದಕ್ಕೆ ಸಾಟಿ ಇಲ್ಲ, ಆದರೆ ಸಹನೆಯಲ್ಲಿ ತೀರ ಕಡಮೆ: ಹೊಸೆದ ಎಳೆ ಚಿಗುರು ಸಾರವನ್ನು ಒಂದೇ ಸಲ ಬಿಟ್ಟುಬಿಡುತ್ತದೆ. ನೀರು 80 ಡಿಗ್ರಿ ಮೀರಿ ಮೂರು ನಿಮಿಷ ಕಳೆದರೆ ಒಗರು ನಾಲಗೆ ಹಿಡಿಯುತ್ತದೆ, ಮೂರನೆಯ ಸುತ್ತಿಗೆ ಎಲೆ ಖಾಲಿ. ಬೆಟ್ಟದ ಬುಡದ ಮಿಂಗ್‌ಶಾನ್ ಸುತ್ತಮುತ್ತ ಭಾರಿ ತೋಟಗಳಿವೆ. ಅಗ್ಗದ ಗಾನ್‌ಲು ಬರುವುದು ಅಲ್ಲಿಂದ. ಅದು ಕೆಟ್ಟದ್ದೇನಲ್ಲ, ಶಿಖರದ ಬೆಲೆ ಕೊಡಬೇಡಿ ಅಷ್ಟೇ.

ಲೂಶಾನ್ ಯುನ್‌ವು ಜಿಯಾಂಗ್‌ಶಿ ಪ್ರಾಂತ್ಯದ್ದು. ಒಂದು ಕಡೆ ಯಾಂಗ್ಟ್ಸೆ ನದಿ, ಇನ್ನೊಂದು ಕಡೆ ಪೊಯಾಂಗ್ ಸರೋವರ. ನಡುವಿನ ಬೆಟ್ಟಕ್ಕೆ ವರ್ಷದ ಬಹುಭಾಗ ಮಂಜು. ಚಳಿ ಹೆಚ್ಚಾದ್ದರಿಂದ ಕೊಯ್ಲು ತಡ, ಏಪ್ರಿಲ್ ಕೊನೆಯಿಂದ ಮೇ ಆರಂಭದವರೆಗೆ. ರುಚಿ ಗಾನ್‌ಲು ಮತ್ತು ಗುವಾಪಿಯೆನ್ ನಡುವಿನದು. ನಮ್ಮ ಕಡೆ ತಾಜಾ ಮಾಲು ಸಿಗುವುದೇ ಕಷ್ಟ. ನಂಬಿಕೆಯ ಮಾರಾಟಗಾರರ ಬಳಿ ಅದೇ ವರ್ಷದ್ದು ಕಂಡರೆ ಬಿಡಬೇಡಿ, ಇಲ್ಲದಿದ್ದರೆ ಹುಡುಕಿಕೊಂಡು ಹೋಗುವಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ.

ಕುದಿಸಬೇಡಿ, ನೆನೆಸಿ

ನೀರಿನಿಂದ ಶುರು. ಕೊಳವೆಬಾವಿಯ ಗಡಸು ನೀರಿನಲ್ಲಿ ಯಾವ ಹಸಿರು ಚಹಾವೂ ಕಂದು ತಿರುಗುತ್ತದೆ, ಮೇಲೆ ಎಣ್ಣೆಯಂಥ ಪೊರೆ ಕಟ್ಟುತ್ತದೆ, ಘಮ ಸತ್ತುಹೋಗುತ್ತದೆ. ಆರ್‌ಒ ನೀರಿನ ಟಿಡಿಎಸ್ 50ರಿಂದ 150ರೊಳಗೆ ಇದ್ದರೆ ಒಳ್ಳೆಯದು. ತೀರ 10–20ಕ್ಕೆ ಇಳಿಸಿಟ್ಟ ಯಂತ್ರದ ನೀರಿನಲ್ಲಿ ಚಹಾ ಸಪ್ಪೆ; ಸ್ವಲ್ಪ ಬಾಟಲಿ ನೀರು ಬೆರೆಸಿ ನೋಡಿ.

ಬೆಂಗಳೂರು, ಮೈಸೂರಿನ ಎತ್ತರದಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸಿನಲ್ಲಿ, ಮಂಗಳೂರಿನಲ್ಲಿ 100. ಥರ್ಮಾಮೀಟರ್ ಇಲ್ಲದವರು ಕುದಿದ ನೀರನ್ನು ಕೋಣೆಯ ಬಿಸಿಯಲ್ಲಿರುವ ಜಗ್ಗಿಗೆ ಒಮ್ಮೆ ಬಗ್ಗಿಸಿದರೆ ಸುಮಾರು 8–10 ಡಿಗ್ರಿ ಇಳಿಯುತ್ತದೆ. ಎರಡನೆಯ ಸಲ, ಫಿಲ್ಟರ್ ಕಾಫಿ ಆರಿಸುವ ಹಾಗೆ ತುಸು ಎತ್ತಿ ಹೊಯ್ದರೆ 80ರ ಹತ್ತಿರ ಬರುತ್ತದೆ.

ಗಾಜಿನ ಲೋಟದ ವಿಧಾನಕ್ಕೆ 200–250 ಮಿಲಿ ಹಿಡಿಯುವ ಉದ್ದನೆಯ ಲೋಟ, 3 ಗ್ರಾಂ ಎಲೆ. ಮೊದಲು ಬಿಸಿನೀರಿನಲ್ಲಿ ಲೋಟ ತೊಳೆದು ಬೆಚ್ಚಗೆ ಮಾಡಿ. ಮಾವ್‌ಫೆಂಗ್ ಆದರೆ ಮೂರನೇ ಒಂದು ಭಾಗ ನೀರು ಹಾಕಿ, ಎಲೆ ಉದುರಿಸಿ, ಲೋಟವನ್ನು ಓರೆ ಮಾಡಿ ಒಂದು ಸುತ್ತು ತಿರುಗಿಸಿ. ಅರ್ಧ ನಿಮಿಷದಲ್ಲಿ ಎಲೆ ಒದ್ದೆಯಾಗಿ ಘಮ ಏಳುತ್ತದೆ. ಆಗ ಉಳಿದ ನೀರನ್ನು ಗಾಜಿನ ಗೋಡೆಗೆ ತಾಗುವಂತೆ ಬಿಡಿ. ಗಾನ್‌ಲು ಆದರೆ ಉಲ್ಟಾ: ಮೊದಲು ಪೂರ್ತಿ ನೀರು, ಆಮೇಲೆ ಮೇಲಿಂದ ಎಲೆ. ಸುರುಳಿ ತಾನಾಗಿ ಮುಳುಗುತ್ತದೆ, ರೋಮ ಕದಡುವುದಿಲ್ಲ. ಕದಡಿ ಸ್ವಲ್ಪ ಮಬ್ಬಾದರೂ ಅದು ದೋಷವಲ್ಲ. ಹೋಕ್ವೇ ಮತ್ತು ಗುವಾಪಿಯೆನ್‌ಗೆ ಎಲೆ ಮೊದಲು, ನೀರು ಆಮೇಲೆ. ಹೋಕ್ವೇಯ ಬುಡ ಕೆಳಗೆ ಬರುವಂತೆ ನೇರ ನಿಲ್ಲಿಸಿ, 90 ಡಿಗ್ರಿಯ ನೀರನ್ನು ಮೂರನೇ ಒಂದು ಭಾಗ ಹಾಕಿ ಒಂದು ನಿಮಿಷ ಬಿಟ್ಟು, ಉಳಿದದ್ದು ತುಂಬಿಸಿ.

ಎಲ್ಲದಕ್ಕೂ ಎರಡು-ಮೂರು ನಿಮಿಷದ ಮೇಲೆ ಕುಡಿಯಲು ಶುರುಮಾಡಿ, ಆದರೆ ತಳ ಕಾಣುವವರೆಗೆ ಕುಡಿಯಬೇಡಿ. ಮೂರನೇ ಒಂದು ಭಾಗ ಉಳಿದಾಗಲೇ ಮತ್ತೆ ನೀರು ಹಾಕಿ. ಪೂರ್ತಿ ಬರಿದು ಮಾಡಿದರೆ ಎರಡನೆಯ ಲೋಟ ನೀರುನೀರು.

ಗೈವಾನ್‌ಗೆ 110 ಮಿಲಿಗೆ 4 ಗ್ರಾಂ. ಮೊದಲ ಸುತ್ತು 20 ಸೆಕೆಂಡು, ಎರಡನೆಯದು 15, ಆಮೇಲೆ 25, 40. ಪ್ರತಿ ಸಲ ಕೊನೆಯ ಹನಿವರೆಗೆ ಬಗ್ಗಿಸಿ, ಸುತ್ತುಗಳ ನಡುವೆ ಮುಚ್ಚಳ ತೆಗೆದಿಡಿ. ಮುಚ್ಚಿಟ್ಟರೆ ಉಗಿಯಲ್ಲಿ ಎಲೆ ಬೆಂದು ಹಳದಿಯಾಗಿ, ಬೇಯಿಸಿದ ಸೊಪ್ಪಿನ ವಾಸನೆ ಹೊಡೆಯುತ್ತದೆ. ಫ್ಲಾಸ್ಕಿನಲ್ಲಿ ಹಸಿರು ಚಹಾ ಕೆಡುವುದೂ ಇದೇ ಕಾರಣಕ್ಕೆ. ಎಷ್ಟೇ ಸಹನಶೀಲ ಹೋಕ್ವೇ ಆದರೂ ಫ್ಲಾಸ್ಕಿಗೆ ಹಾಕಬೇಡಿ. ಹೊರಗೆ ಒಯ್ಯಲೇಬೇಕೆಂದರೆ ಅರ್ಧ ಲೀಟರ್ ತಣ್ಣೀರಿಗೆ 4 ಗ್ರಾಂ ಮಾವ್‌ಫೆಂಗ್ ಹಾಕಿ ಫ್ರಿಜ್ಜಿನಲ್ಲಿ ಐದಾರು ಗಂಟೆ ಇಟ್ಟು ಸೋಸಿಕೊಳ್ಳಿ. ಒಗರೇ ಇರುವುದಿಲ್ಲ.

ಕಹಿ ಬಂದರೆ ಎಲ್ಲರೂ ಎಲೆ ಕಡಿಮೆ ಮಾಡುತ್ತಾರೆ. ಮೊದಲು ಸಮಯ ಕಡಿಮೆ ಮಾಡಿ, ಆಮೇಲೆ ಬಿಸಿ. ಎಲೆಯನ್ನು ಕೊನೆಗೆ ಮುಟ್ಟಿ. ಎಲೆ ಕಡಿಮೆ ಮಾಡಿ ಹೊತ್ತು ಹೆಚ್ಚಿಸಿದರೆ ತೆಳುವಾಗಿಯೂ ಒಗರಾಗಿಯೂ ಇರುವ ವಿಚಿತ್ರ ಚಹಾ ಸಿಗುತ್ತದೆ. ಪೊಟ್ಟಣದ ತಳದ ಪುಡಿ ಸೇರಿದ್ದರೂ ಕಹಿ ಬರುತ್ತದೆ, ಅದನ್ನು ಜರಡಿಯಲ್ಲಿ ಬೇರೆ ಮಾಡಿ. ಎಲೆ ಐದು ನಿಮಿಷವಾದರೂ ತೇಲುತ್ತಿದ್ದರೆ ನೀರು ತಣ್ಣಗಿತ್ತು ಅಂತ ಅರ್ಥ.

ಯಾರಿಗೆ ಯಾವುದು

ಮೊದಲ ಸಲ ಕೊಳ್ಳುವವರು, ಮನೆಯಲ್ಲಿ ನಾಲ್ಕು ಜನರ ನಾಲ್ಕು ರುಚಿಗೆ ಹೊಂದಿಸಬೇಕಾದವರು ಮಾವ್‌ಫೆಂಗ್ ತರಿಸಿ. ಕೈ ಬಿಗಿಯಿದ್ದರೆ, ಅಥವಾ ತೆಳು ರುಚಿ ಹಿಡಿಸದಿದ್ದರೆ ಗುವಾಪಿಯೆನ್. ಆಫೀಸಿನ ಲೋಟಕ್ಕೆ, ಬೆಲೆ ಅಡ್ಡಿಯಿಲ್ಲದವರಿಗೆ ಹೋಕ್ವೇ. ಬೆಲೆ ಅಡ್ಡಿಯಾದರೆ ಅಗ್ಗದ ಹೋಕ್ವೇಗೆ ಕೈ ಹಾಕದೆ ಅದೇ ದುಡ್ಡಿಗೆ ಒಳ್ಳೆಯ ಗುವಾಪಿಯೆನ್ ಕೊಳ್ಳಿ. ಗೈವಾನ್, ತಕ್ಕಡಿ, ತಾಳ್ಮೆ ಮೂರೂ ಇರುವವರಿಗೆ ಗಾನ್‌ಲು ಕೊಡುವ ಸುಖ ಬೇರೆ ಯಾವುದೂ ಕೊಡುವುದಿಲ್ಲ. ರಾತ್ರಿ ನಿದ್ದೆಯ ಚಿಂತೆ ಇರುವವರು ಎಳೆ ಕುಡಿಯ ಚಹಾಗಳನ್ನು ಮಧ್ಯಾಹ್ನಕ್ಕೇ ಮುಗಿಸಿಕೊಳ್ಳಿ, ಕೆಫೀನ್ ಹೆಚ್ಚಿರುವುದು ಅವುಗಳಲ್ಲೇ. ರಕ್ತಹೀನತೆ ಇರುವವರು ಯಾವುದನ್ನೇ ಆಗಲಿ ಊಟದ ಜೊತೆ ಕುಡಿಯಬೇಡಿ. ಊಟದ ಕಬ್ಬಿಣಾಂಶ ಮೈಗೆ ಹತ್ತುವುದನ್ನು ಚಹಾ ತಗ್ಗಿಸುತ್ತದೆ.

ಕೊಳ್ಳುವ ಮುಂಚೆ 10–15 ಗ್ರಾಮಿನ ಸ್ಯಾಂಪಲ್ ಕೇಳಿ, ಚೀನಾದ ಪರೀಕ್ಷಕರು ಮಾಡುವ ಹಾಗೆ ಕೆಣಕಿ ನೋಡಿ: 3 ಗ್ರಾಂ ಎಲೆ, 150 ಮಿಲಿ ಕುದಿಯುವ ನೀರು, ಮುಚ್ಚಿ 4 ನಿಮಿಷ. ಕುಡಿಯಲು ಇದು ಚೆನ್ನಾಗಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ಹೊಗೆ, ಮುಗ್ಗಲು, ಸುಟ್ಟದ್ದು, ಹಳೆಯದು, ಎಲ್ಲ ದೋಷವೂ ಬಯಲಾಗುತ್ತದೆ. ಇಷ್ಟು ಹಿಂಸೆಯ ನಂತರವೂ ಕಹಿಯ ಹಿಂದೆ ಸಿಹಿ ಉಳಿದಿದ್ದರೆ ಎಲೆ ಒಳ್ಳೆಯದು. ಅವಧಿ ಮುಗಿಯುವ ದಿನಾಂಕ ನೋಡಿದರೆ ಸಾಲದು, ಕೊಯ್ದ ವರ್ಷ ಮತ್ತು ತಿಂಗಳು ಕೇಳಿ. ಕಳೆದ ವರ್ಷದ್ದನ್ನು ಅರ್ಧ ಬೆಲೆಗೆ ಕೊಟ್ಟರೆ, ಗುವಾಪಿಯೆನ್ ಮಟ್ಟಿಗೆ ಯೋಚಿಸಬಹುದು, ಗಾನ್‌ಲು ಬೇಡ.

ಒಂದೇ ಸಲ 100 ಗ್ರಾಮಿಗಿಂತ ಹೆಚ್ಚು ತರಿಸಬೇಡಿ. ಬಂದ ಕೂಡಲೇ 25 ಗ್ರಾಮಿನ ಗಾಳಿಯಾಡದ ಪೊಟ್ಟಣಗಳಾಗಿ ವಿಂಗಡಿಸಿ, ಒಂದನ್ನು ಹೊರಗಿಟ್ಟು ಉಳಿದದ್ದನ್ನು ಫ್ರಿಜ್ಜಿಗೆ ಸೇರಿಸಿ. ಇಡ್ಲಿ ಹಿಟ್ಟು, ಕರಿಬೇವಿನ ಪಕ್ಕ ಇಡುವುದಾದರೆ ಮೇಲೊಂದು ಬಿಗಿ ಮುಚ್ಚಳದ ಡಬ್ಬಿ ಬೇಕೇ ಬೇಕು, ಚಹಾ ಎಲೆ ಪಕ್ಕದ ಯಾವ ವಾಸನೆಯನ್ನೂ ಹೀರಿಕೊಂಡುಬಿಡುತ್ತದೆ. ಕರಾವಳಿಯ ಮಳೆಗಾಲದಲ್ಲಿ ಹೊರಗಿಟ್ಟ ಪೊಟ್ಟಣವನ್ನು ಎರಡು ವಾರದೊಳಗೆ ಮುಗಿಸಿ, ಒಳನಾಡಿನಲ್ಲಿ ಒಂದು ತಿಂಗಳು ನಡೆಯುತ್ತದೆ. ಹೊಸ ಪೊಟ್ಟಣವನ್ನು ಫ್ರಿಜ್ಜಿನಿಂದ ಹಿಂದಿನ ರಾತ್ರಿಯೇ ತೆಗೆದಿಟ್ಟು ಬೆಳಿಗ್ಗೆ ಬಿಚ್ಚಿ. ತಣ್ಣಗಿರುವಾಗಲೇ ಬಿಚ್ಚಿದರೆ ಗಾಳಿಯ ತೇವ ಎಲೆಯ ಮೇಲೆ ಹನಿಗಟ್ಟಿ, ವಾರದೊಳಗೆ ಹಸಿರು ಮಾಸುತ್ತದೆ.